ಗುಳೆ ಹಾಡಿಗೆ ಬಾಡಿಗೆ ಕಾರು ಬೇಕಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ಕಲಬುರಗಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇವೆ. ಪ್ರಾಜೆಕ್ಟ್‌ಗೆ ಒಂದು ಮ್ಯೂಸಿಕ್ ವಿಡಿಯೋ ಮಾಡಬೇಕು. ಗುಳೆ ಹೋದವರ ಬಗ್ಗೆ ನಮ್ಮ ಮಾತಿನಲ್ಲೇ ರ‍್ಯಾಪ್ ಬರೆದಿದ್ದೇವೆ. ‘ಮನಿಗೆ ಬೀಗ ಬಿದ್ದದ, ಅಣ್ಣ ಹೋಗ್ಯಾನ’ ಅಂತ ಶುರುವಾಗುತ್ತದೆ. ಬಾಡಿಗೆ ಕಾರು, ಕೂಲಿಂಗ್ ಗ್ಲಾಸ್, ಕೋಟೆ ಮೇಲೆ ಡ್ರೋನ್ ಶಾಟ್ ಇಲ್ಲದಿದ್ದರೆ ಅದು ರ‍್ಯಾಪ್ ಅನಿಸುವುದೇ ಇಲ್ಲ ಅಂತ ಗೆಳೆಯರು ಹಟ ಹಿಡಿದಿದ್ದಾರೆ. ಸರ್ ಮಾತ್ರ, ‘ಇಂಥ ಹಾಡಿನ ರೂಢಿ ಎಲ್ಲಿ ಪಾಲಿಸಿದಿರಿ, ಎಲ್ಲಿ ಮುರಿದಿರಿ, ಬರೆದು ಕೊಡಿ’ ಅಂದಿದ್ದಾರೆ. ಏನು ಮಾಡೋಣ?

ಉತ್ತರ: ತಮ್ಮಾ, ಬೀಗ ಬಿದ್ದ ಮನೆ ನಮ್ಮ ಕಡೆ ಯಾವ ಊರಲ್ಲಿಲ್ಲ ಹೇಳಿ? ಅಂಥ ಸಾಲು ಬರೆದ ಮೇಲೆ ಅದರ ಮುಂದೆ ಬಾಡಿಗೆ ಕಾರು ತಂದು ನಿಲ್ಲಿಸಬೇಡಿ.

ಗೆಳೆಯರು ಹೇಳುವ ರೂಢಿ ಎಲ್ಲಿಂದ ಬಂತು ಅಂತ ಮೊದಲು ನೋಡಿ. 1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಮತ್ತು ಅವರ ತಂಗಿ ಸೇರಿ ಒಂದು ಪಾರ್ಟಿ ಮಾಡಿದರು. ರ‍್ಯಾಪ್ ಬೆಳೆದ ಹಿಪ್ ಹಾಪ್ ಹುಟ್ಟಿದ್ದು ಅಲ್ಲಿ ಅಂತ ಹೇಳುತ್ತಾರೆ. ಬಡವರ ಓಣಿ ಅದು. ಮುಂದೆ ವಿಡಿಯೋ ಕಾಲ ಬಂದಾಗ ಹಾಡುವವರು ತಮ್ಮ ಓಣಿಯಲ್ಲೇ ನಿಂತರು. ಬೆನ್ನ ಹಿಂದೆ ಗೆಳೆಯರ ಗುಂಪು, ಕ್ಯಾಮೆರಾ ಕೆಳಗಿನಿಂದ, ಕಣ್ಣು ನೇರ ಲೆನ್ಸಿಗೆ. ಇದು ನನ್ನ ಜಾಗ, ಇವರು ನನ್ನ ಮಂದಿ ಅನ್ನೋದು ಅದರ ಅರ್ಥ. ಕಾರು, ಚಿನ್ನದ ಸರ ‘ಬಡತನ ದಾಟಿ ಬಂದೆ’ ಅಂತ ತೋರಿಸೋಕೆ ಸೇರಿಕೊಂಡವು. ನಿಮ್ಮ ಹಾಡಿನ ಅಣ್ಣ ಇನ್ನೂ ದಾಟಿಲ್ಲ, ಅಲ್ವಾ?

ಹಾಗಾಗಿ ಓಣಿ, ಗುಂಪು, ನೇರ ನೋಟ ಮೂರನ್ನೂ ಉಳಿಸಿಕೊಳ್ಳಿ. ಇವು ಇಲ್ಲದಿದ್ದರೆ ನೋಡುವವರಿಗೆ ಇದು ರ‍್ಯಾಪ್ ಅಂತಲೇ ಗೊತ್ತಾಗುವುದಿಲ್ಲ. ಆಮೇಲೆ ಗುಂಪನ್ನು ಮುರಿಯಿರಿ. ಮೊದಲ ಚರಣದಲ್ಲಿ ಬೇವಿನ ಮರದ ಕಟ್ಟೆ ಮೇಲೆ ಆರೇಳು ಹುಡುಗರು ಇರಲಿ. ಎರಡನೇ ಚರಣಕ್ಕೆ ಇಬ್ಬರು ಕಮ್ಮಿ. ಮೂರನೆಯದಕ್ಕೆ ಇನ್ನೂ ಇಬ್ಬರು. ಕೊನೆಗೆ ಹಾಡುವವನೊಬ್ಬನೇ. ಫ್ರೇಮ್ ಮಾತ್ರ ಕೂದಲೆಳೆಯಷ್ಟೂ ಅಲುಗಬಾರದು. ಟ್ರೈಪಾಡ್ ಕಾಲಿನ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಯಾರು ಎಲ್ಲಿಗೆ ಹೋದರು ಅಂತ ಬಾಯಲ್ಲಿ ಹೇಳುವುದೇ ಬೇಡ. ರ‍್ಯಾಪ್‌ನಲ್ಲಿ ಗುಂಪು ಅಂದರೆ ಬಲ, ನಿಮ್ಮ ವಿಡಿಯೋದಲ್ಲಿ ಅದು ಕರಗಿ ಹೋಗುತ್ತದೆ. ರೂಢಿ ಗೊತ್ತಿದ್ದವರಿಗೇ ಅದರ ಪೆಟ್ಟು ಜಾಸ್ತಿ ತಟ್ಟುತ್ತದೆ.

ನಾನು ಎಡಿಟ್ ಮಾಡಿದ ವಿದ್ಯಾರ್ಥಿಗಳ ವಿಡಿಯೋಗಳಲ್ಲಿ ಒಂದು ಶಾಟ್ ಇನ್ನೂ ಕಣ್ಣಲ್ಲೇ ಇದೆ. ಕ್ಯಾಮೆರಾವನ್ನು ಅಂಗಳದ ಪರಸಿ ಕಲ್ಲಿನ ಮೇಲೇ ಇಟ್ಟಿದ್ದರು. ರ‍್ಯಾಪ್ ವಿಡಿಯೋದಲ್ಲಿ ಹಾಡುವವನು ದೊಡ್ಡವನಾಗಿ ಕಾಣಲಿ ಅಂತ ಹೀಗೆ ಕೆಳಗಿಡುತ್ತಾರೆ. ಇಲ್ಲಿ ಹುಡುಗ ಹಿಂದೆ ನಿಂತಿದ್ದ. ಮುಂದೆ ನೆಲದ ಮೇಲೆ ಕೂತು ಅವನಜ್ಜಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಫ್ರೇಮ್ ತುಂಬ ಅವರೇ. ಒಂದು ಸಲವೂ ತಲೆ ಎತ್ತಲಿಲ್ಲ. ಬೀಟ್ ನಿಂತ ಜಾಗದಲ್ಲಿ ಮೊರದ ಸರಸರ ಸದ್ದು ಒಂದೇ ಕೇಳುತ್ತಿತ್ತು. ಆ ಜಾಗ ಖಾಲಿ ಖಾಲಿ ಅನಿಸುತ್ತದೆ, ಕತ್ತರಿಸಿ ಅಂತ ಹುಡುಗರು ಕೇಳಿದರು. ಇರಲಿ ಅಂತ ಪಟ್ಟು ಹಿಡಿದೆ. ಇಡೀ ವಿಡಿಯೋದ ಜೀವ ಅಲ್ಲಿತ್ತು.

ಬರೆದು ಕೊಡುವಾಗ ಮ್ಯೂಸಿಕ್ ವಿಡಿಯೋಗಳನ್ನು ಅಧ್ಯಯನ ಮಾಡಿದ ಆಂಡ್ರ್ಯೂ ಗುಡ್‌ವಿನ್ ಅವರ ಮಾತು ನೆನಪಿರಲಿ. ಚಿತ್ರ ಹಾಡಿನ ಸಾಲನ್ನೇ ತೋರಿಸಬಹುದು, ಅದಕ್ಕೆ ಹೊಸ ಅರ್ಥ ಕೂಡಿಸಬಹುದು, ಇಲ್ಲವೇ ಸಂಬಂಧವೇ ಇಲ್ಲದಂತೆ ಇರಬಹುದು ಅಂತ ಅವರು 1992ರಲ್ಲೇ ವಿವರಿಸಿದ್ದರು. ‘ಬೀಗ’ ಅಂದಾಗ ಬೀಗ ತೋರಿಸಿದರೆ ಮೊದಲನೆಯದು. ಅದೇ ಸಾಲಿಗೆ ಕಟ್ಟೆ ಮೇಲೆ ಒಬ್ಬ ಕಮ್ಮಿಯಾದರೆ ಎರಡನೆಯದು. ‘ರೂಢಿ ಮುರಿದೆವು’ ಅಂತ ಸುಮ್ನೆ ಬರೆಯಬೇಡಿ. ಆ ರೂಢಿ ಏನು ಕೆಲಸ ಮಾಡುತ್ತಿತ್ತು, ಮುರಿದ ಮೇಲೆ ಏನು ಹುಟ್ಟಿತು ಅಂತ ಬರೆಯಿರಿ.

ಕೋಟೆ ವಿಷಯ: ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಹಾಗಿಲ್ಲ. ಕೋಟೆಯೊಳಗಿನ 1367ರ ಜಾಮಾ ಮಸೀದಿಯ ಕಮಾನುಗಳು ಎಷ್ಟು ಚೆಂದ ಇದ್ದರೂ ನಿಮ್ಮ ಹಾಡಿನಲ್ಲಿ ಅವಕ್ಕೆ ಕೆಲಸವಿಲ್ಲ. ರೈಲ್ವೆ ಪ್ಲಾಟ್‌ಫಾರ್ಮ್ ಬೇಕೆನಿಸಿದರೆ ಅಲ್ಲೂ ಮೊದಲೇ ಅನುಮತಿ ಕೇಳಿ.

ಪ್ರಶ್ನೆ: ಕಾಲೇಜಿಗಾಗಿ ಪ್ರೇಮಗೀತೆಯ ವಿಡಿಯೋ ಮಾಡುತ್ತಿದ್ದೇವೆ. ಸ್ಲೋ ಮೋಷನ್ ಹಾಕಿದರೆ ತುಟಿ ಹಾಡಿಗೆ ಕೂಡುತ್ತಿಲ್ಲ. (ಯಾದಗಿರಿಯ ಓದುಗರು)

ಉತ್ತರ: ಸ್ಪೀಕರ್‌ನಲ್ಲಿ ಹಾಡನ್ನು ದುಪ್ಪಟ್ಟು ವೇಗಕ್ಕೆ ಹಾಕಿ, ಅದೇ ವೇಗದಲ್ಲಿ ತುಟಿ ಆಡಿಸಿ. ಫೋನನ್ನು ಸೆಕೆಂಡಿಗೆ 60 ಫ್ರೇಮ್‌ಗೆ ಇಟ್ಟು ತೆಗೆದು, 30 ಫ್ರೇಮ್‌ನ ಟೈಮ್‌ಲೈನ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿ. ಶೂಟಿಂಗ್ ಸದ್ದು ತೆಗೆದು ಮೂಲ ಹಾಡು ಕೂಡಿಸಿ. ತುಟಿ ಸರಿ ಹೊಂದುತ್ತದೆ, ದುಪಟ್ಟಾ ಮಾತ್ರ ನಿಧಾನ ಹಾರುತ್ತದೆ. ಆದರೆ ಎಲ್ಲರ ಪ್ರೇಮಗೀತೆಯಲ್ಲೂ ಅದೇ ಇದೆಯಲ್ಲ. ಒಮ್ಮೆ ಉಲ್ಟಾ ಮಾಡಿ ನೋಡಿ. ಬಸ್ ಸ್ಟ್ಯಾಂಡ್ ಹತ್ತಿರ ನಿಂತು, ಹಾಡನ್ನು ಅರ್ಧ ವೇಗಕ್ಕೆ ಹಾಕಿ, ನಿಧಾನ ತುಟಿ ಆಡಿಸಿ. ಎಡಿಟಿಂಗ್‌ನಲ್ಲಿ ದುಪ್ಪಟ್ಟು ಮಾಡಿದರೆ ಹಾಡುವವಳು ಸಹಜವಾಗಿರುತ್ತಾಳೆ, ಹಿಂದಿನ ಊರೆಲ್ಲ ಓಡುತ್ತದೆ. ಕೈಯಲ್ಲಿ ಹಿಡಿದು ತೆಗೆದರೆ ನಡುಕವೂ ದುಪ್ಪಟ್ಟಾಗುತ್ತದೆ, ಟ್ರೈಪಾಡ್ ಒಯ್ಯಿರಿ.