ಒಂದೇ ಬಯಲಲ್ಲಿ ಮೇಯ್ದರೂ ಕರುವಿಗೆ ಜಂತುಹುಳು ಜಾಸ್ತಿ, ದೊಡ್ಡ ಹಸುವಿಗೆ ಕಡಿಮೆ. ಯಾಕೆ?

ಹಸುವಿನ ದೇಹ ಆ ಹುಳುಗಳನ್ನು ಎದುರಿಸಿ ಪಳಗಿದೆ, ಕರುವಿನದು ಇನ್ನೂ ಪಳಗಿಲ್ಲ. ಈ ನಿರೋಧಕ ಶಕ್ತಿ ಹುಟ್ಟುವಾಗಲೇ ಬರುವುದಲ್ಲ. ಹುಲ್ಲಿನ ಜೊತೆ ಮರಿಹುಳುಗಳು ಮತ್ತೆ ಮತ್ತೆ ಹೊಟ್ಟೆ ಸೇರಿದಾಗ, ತಿಂಗಳುಗಟ್ಟಲೆ ಕಾಲದಲ್ಲಿ ಬೆಳೆಯುತ್ತದೆ.

ಬ್ಯಾಕ್ಟೀರಿಯಾವನ್ನು ನುಂಗಿದ ಹಾಗೆ ಹುಳುವನ್ನು ಬಿಳಿ ರಕ್ತಕಣ ನುಂಗಲಾರದು, ಹುಳು ಅಷ್ಟು ದೊಡ್ಡದು. ಅದಕ್ಕೇ ದೇಹ ಕರುಳನ್ನೇ ಹುಳುವಿಗೆ ಒಗ್ಗದ ಜಾಗ ಮಾಡಿಬಿಡುತ್ತದೆ. ಹುಳುವನ್ನು ಗುರುತು ಹಿಡಿಯುವ ಪ್ರತಿಕಾಯಗಳು ತಯಾರಾಗುತ್ತವೆ, ಕರುಳಿನ ಒಳಪದರದಲ್ಲಿ ಇಯೊಸಿನೊಫಿಲ್, ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳು ಸೇರಿಕೊಳ್ಳುತ್ತವೆ, ಲೋಳೆ ಹೆಚ್ಚುತ್ತದೆ. ಹೊಸದಾಗಿ ಬಂದ ಮರಿಹುಳು ಎಷ್ಟೋ ಸಲ ನೆಲೆಯೂರುವ ಮೊದಲೇ ಸಗಣಿಯಲ್ಲಿ ಹೊರಗೆ ಹೋಗುತ್ತದೆ. ಉಳಿದುಕೊಂಡವು ಗಿಡ್ಡಾಗಿ ಬೆಳೆದು ಕಡಿಮೆ ಮೊಟ್ಟೆ ಇಡುತ್ತವೆ.

ಎಲ್ಲ ಹುಳುವಿಗೂ ಒಂದೇ ಲೆಕ್ಕವಿಲ್ಲ. ಸಣ್ಣಕರುಳಿನ ಕೂಪೇರಿಯಾ ಎಂಬ ಹುಳುವಿನ ವಿರುದ್ಧ ಕರು ಮೇಯಲು ಶುರುಮಾಡಿದ ಮೊದಲ ವರ್ಷದಲ್ಲೇ ಗಟ್ಟಿಯಾಗುತ್ತದೆ. ನಾಲ್ಕನೇ ಹೊಟ್ಟೆಯಲ್ಲಿರುವ ಆಸ್ಟರ್‌ಟೇಜಿಯಾ ಹುಳುವಿನ ವಿರುದ್ಧ ಗಟ್ಟಿಯಾಗಲು ಎರಡನೇ ವರ್ಷವೂ ಬೇಕಾಗುತ್ತದೆ.

ಹಸು ಬಲಿತಿದೆ ಅಂತ ಹುಳು ಪೂರಾ ಇಲ್ಲ ಎಂದಲ್ಲ. ಕರು ಹಾಕುವ ಆಸುಪಾಸು, ಮೇವು ಸಾಲದ ಬೇಸಿಗೆಯಲ್ಲಿ ಈ ಶಕ್ತಿ ಕುಗ್ಗುತ್ತದೆ. ಹಾಗಂತ ಕರುವಿಗೆ ಸುಮ್ಮನೆ ಪದೇ ಪದೇ ಜಂತಿನ ಔಷಧಿ ಕುಡಿಸಬೇಡಿ: ದೇಹಕ್ಕೆ ಹುಳುವಿನ ಪರಿಚಯವಾಗುವುದೇ ತಡವಾಗುತ್ತದೆ, ಔಷಧಿಗೆ ಬಗ್ಗದ ಹುಳುಗಳೂ ಹೆಚ್ಚುತ್ತವೆ. ಪಶು ಆಸ್ಪತ್ರೆಯಲ್ಲಿ ಸಗಣಿ ಪರೀಕ್ಷೆ ಮಾಡಿಸಿ ಕೊಡಿ. ಎಮ್ಮೆ ಕರುವಿನ ಮಾತು ಬೇರೆ. ಅದಕ್ಕೆ ತಾಯಿಹಾಲಿನಲ್ಲೇ ದುಂಡುಹುಳು ಬರುವುದರಿಂದ ಹುಟ್ಟಿದ ಕೆಲವೇ ವಾರಗಳಲ್ಲಿ ವೈದ್ಯರನ್ನು ಕೇಳಿ ಔಷಧಿ ಕೊಡಲೇಬೇಕು.