ಬಾಳೆಕಾಯಿ ಚಿಪ್ಸ್‌ಗೆ ಎರಡು ಪಟ್ಟು ಬೆಲೆ ಯಾಕೆ?

ಪ್ರಶ್ನೆ: ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ‘ಮರಗಳ ನೆರಳಲ್ಲಿ ಬೆಳೆದ, ಸಣ್ಣ ರೈತರ ಬಾಳೆಕಾಯಿ ಚಿಪ್ಸ್’ ಅಂತ ಬರೆದ ಪ್ಯಾಕೆಟ್ ನೋಡಿದೆ. ಬೇಕರಿ ಚಿಪ್ಸ್‌ಗಿಂತ ಎರಡು ಪಟ್ಟು ಬೆಲೆ. ನಿಜಕ್ಕೂ ಬೇರೆ ಥರ ಇರುತ್ತದಾ, ಸುಮ್ನೆ ಹೆಸರಿಗೆ ದುಡ್ಡಾ?
– ಓದುಗರು, ಮೂಡಿಗೆರೆ

ಉತ್ತರ: ಮೂಡಿಗೆರೆಯವರೇ ಹೀಗೆ ಕೇಳಿದರೆ ಹೇಗೆ! ಮೇಲೆ ಅತ್ತಿ, ಹಲಸು, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ, ಗಿಡ ಸತ್ತು ಖಾಲಿ ಬಿದ್ದ ಕಡೆ ನಾಲ್ಕು ಬಾಳೆ. ಇದನ್ನೇ ಈಗ ಕೃಷಿ ಅರಣ್ಯ ಅನ್ನುತ್ತಾರೆ, ನಿಮ್ಮ ಪಕ್ಕದ ತೋಟ ಮೊದಲಿಂದಲೂ ಹಾಗೇ ಇದೆ. ‘ಸಣ್ಣ ರೈತರು’ ಅನ್ನುವುದೂ ಅಪರೂಪದ ಮಾತಲ್ಲ. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಜನರ ತೋಟ 10 ಹೆಕ್ಟೇರ್ ಒಳಗೇ ಇದೆ.

ಆದರೆ ಬೆಲೆ ಪೂರ್ತಿ ಸುಳ್ಳೂ ಅಲ್ಲ. ಬಾಳೆಗೆ ಬಿಸಿಲು ಬೇಕು. ಮರಗಸಿ ಮಾಡದೆ, ಅಂದರೆ ನೆರಳು ಮರಗಳ ಕೊಂಬೆ ಸವರದೆ, ನೆರಳು ದಟ್ಟವಾದರೆ ಗೊನೆ ಬರುವುದು ತಡ, ತೂಕವೂ ಕಡಿಮೆ. ಒಂದು ತೋಟದಲ್ಲಿ ಎರಡು, ಇನ್ನೊಂದರಲ್ಲಿ ಮೂರು ಗೊನೆ ಅಂತ ಮನೆ ಮನೆ ಸುತ್ತಿ ಸೇರಿಸಬೇಕು, ಅದೂ ಮಂಗ ಬಿಟ್ಟಿದ್ದರೆ. (ಸಕಲೇಶಪುರ, ಆಲೂರು ಕಡೆಯವರನ್ನು ಕೇಳಿ, ಅಲ್ಲಿ ಬಾಳೆ ನೆಟ್ಟರೆ ಆನೆಗೆ ಎಲೆ ಹಾಕಿ ಕರೆದ ಹಾಗೆ.) ಆ ಹೆಚ್ಚಿನ ದುಡ್ಡು ಗೊನೆ ಕಡಿದವನಿಗೆ ಹೋಗುತ್ತಿದ್ದರೆ ನಾನಂತೂ ಕೊಡುತ್ತೇನೆ. ಯಾರ ತೋಟದ್ದು, ಕಿಲೋಗೆ ಎಷ್ಟು ಕೊಟ್ಟಿರಿ ಅಂತ ಮಾರುವವರನ್ನೇ ಕೇಳಿ. ಉತ್ತರ ತಡವರಿಸಿದರೆ ಬೇಕರಿಯದ್ದೇ ಸಾಕು.

ರುಚಿಯ ವಿಷಯಕ್ಕೆ ಬಂದರೆ ನೆರಳಿಗಿಂತ ತಳಿ, ಬಲಿತ ಹದ, ಎಣ್ಣೆ ಮುಖ್ಯ. ಪ್ಯಾಕೆಟ್ ಹಿಂದೆ ತಿರುಗಿಸಿ. ಯಾವುದು ತೂಕದಲ್ಲಿ ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆದಿರಬೇಕು. ಬಾಳೆಕಾಯಿ ಆದಮೇಲೆ ತೆಂಗಿನೆಣ್ಣೆ ಇದೆಯಾ, ಪಾಮೆಣ್ಣೆಯಾ ನೋಡಿ. ಕೊಬ್ಬಿನ ಲೆಕ್ಕದಲ್ಲಿ ಎರಡೂ ಕರಿದದ್ದೇ, ಆರೋಗ್ಯದ ನೆಪ ಬೇಡ.

ಪ್ರಶ್ನೆ: ಹಿತ್ತಲ ಪುಟ್ಟಬಾಳೆಯಲ್ಲಿ ಚಿಪ್ಸ್ ಮಾಡಿದೆ, ಕಪ್ಪಗಾಗಿ ಮೆತ್ತಗಾಯಿತು.
– ಓದುಗರು, ಹಾಸನ

ಉತ್ತರ: ಕಾಯಿ ಹಣ್ಣಿನ ಕಡೆ ತಿರುಗಿತ್ತು ಅನ್ನಿಸುತ್ತದೆ. ಆಗ ಪಿಷ್ಟ ಸಕ್ಕರೆಯಾಗುತ್ತದೆ, ಬೇಗ ಕಪ್ಪಾಗುತ್ತದೆ. ಬಲಿತ ಹಸಿ ನೇಂದ್ರ ಸಿಕ್ಕರೆ ಒಳ್ಳೆಯದು. ಸಿಪ್ಪೆ ತೆಗೆದು ಅರಿಶಿನದ ನೀರಲ್ಲಿ ಹಾಕಿಡಿ, ಒರೆಸಿ, ನೇರ ಕಾದ ಎಣ್ಣೆಗೇ ಹೆಚ್ಚಿ. ಗುಳ್ಳೆ ಕಡಿಮೆಯಾಗುವಾಗ ಒಂದು ಚಮಚ ಉಪ್ಪುನೀರು ಬಿಡಿ, ಸಿಡಿಯುತ್ತದೆ, ದೂರ ನಿಲ್ಲಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಪುಟ್ಟಬಾಳೆಯನ್ನು ಹಣ್ಣಾಗಲು ಬಿಟ್ಟುಬಿಡಿ.