ಟೈರನೊಮಿರ್ಮೆಕ್ಸ್ ಇರುವೆಯನ್ನು ಕೊಡಗಿನಲ್ಲಿ ಹುಡುಕುವುದಾದರೆ ಎಲ್ಲಿ ಹುಡುಕಬೇಕು?

ಕಾಫಿ ಗಿಡದ ಮೇಲಲ್ಲ. ಅಲ್ಲಿ ನಿಮಗೆ ಸಿಗುವುದು ಚಗಳಿ ಎಂಬ ಕೆಂಪಿರುವೆ, ಅದೂ ಕಚ್ಚಿಸಿಕೊಂಡ ಮೇಲೆ!

ಟೈರನೊಮಿರ್ಮೆಕ್ಸ್ ಎಂಬ ಈ ಕುಲ (ಹತ್ತಿರದ ಜಾತಿಗಳ ಗುಂಪು) ವಿಜ್ಞಾನಕ್ಕೆ ಗೊತ್ತಾಗಿದ್ದೇ 2003ರಲ್ಲಿ, ಮಲೇಷ್ಯಾದ ಒಂದೇ ಒಂದು ಇರುವೆಯಿಂದ. ಆ ಜಾತಿಗೆ ರೆಕ್ಸ್ ಎಂದು ಹೆಸರಿಟ್ಟರು. 2007ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಕೇರಳ ಭಾಗದಿಂದ ಡಕ್ಸ್ ಎಂಬ ಜಾತಿ ಸೇರಿತು, ಆಮೇಲೆ ಶ್ರೀಲಂಕಾದಿಂದ ಇನ್ನೊಂದು. ಜೀವಂತ ಗೂಡಿನ ವಿವರ ಬಂದದ್ದು ಸಿಂಗಾಪುರದಿಂದ, 2017ರಲ್ಲಿ. ಹೆಸರು ಟೈರನೊಸಾರಸ್ ರೆಕ್ಸ್ ಡೈನೋಸಾರಿನದ್ದು, ಸ್ವಭಾವ ಮಾತ್ರ ಪುಕ್ಕಲು. ದವಡೆಯಲ್ಲಿ ಹಲ್ಲಿಲ್ಲ. ಮೈ ಕೆಲವೇ ಮಿಲಿಮೀಟರ್.

ಹಾಗಾಗಿ ಸುಮ್ನೆ ನೆಲ ನೋಡುತ್ತಾ ನಡೆದರೆ ಕಾಣುವುದಿಲ್ಲ. ಕೇರಳ ಗಡಿಯ ಮಾಕುಟ್ಟದ ಕಡೆಯ ಹಸಿ ಕಾಡು, ಹಳೇ ದೇವರಕಾಡು, ಇಂಥ ಕಡೆ ದಪ್ಪಗೆ ಬಿದ್ದ ತರಗೆಲೆಯನ್ನೇ ನೋಡಬೇಕು. ಅದನ್ನು ಜರಡಿ ಹಿಡಿದು, ಪುಡಿಯನ್ನು ಬಲೆಚೀಲದಲ್ಲಿ ತೂಗುಹಾಕುತ್ತಾರೆ. ಒಣಗುತ್ತಾ ಬಂದಂತೆ ಹುಳುಗಳು ತೇವ ಹುಡುಕಿಕೊಂಡು ಕೆಳಗಿಳಿದು ಆಲ್ಕೋಹಾಲ್ ಬಾಟಲಿಗೆ ಬೀಳುತ್ತವೆ. ಬಿದ್ದದ್ದನ್ನು ಮೈಕ್ರೋಸ್ಕೋಪಿನಲ್ಲೇ ಗುರುತಿಸಬೇಕು, ಬರಿಗಣ್ಣಿಗೆ ಎಲ್ಲ ಕಂದು ಚುಕ್ಕೆಗಳೇ.

ರಕ್ಷಿತ ಕಾಡಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಮಳೆಗಾಲವಾದರೆ ಜಿಗಣೆ ಕಾಟ ಜಾಸ್ತಿ, ಉದ್ದ ಕಾಲುಚೀಲ ಮರೆಯಬೇಡಿ.